ಹೂಜಿ ಗಿಡಕ್ಕೊಂದು ಗಂಡು

ಪುಟ್ಟರಾಜು ಮಾಡಿದ ತಪ್ಪು ಇಷ್ಟೇ: ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೀದಿಗಿಳಿದದ್ದು.

ಮಳವಳ್ಳಿಯ ಆ ಬೀದಿಯಲ್ಲಿ ವಯಸ್ಸು ಮೀರುತ್ತಿರುವ, ಮದುವೆಯಾಗದ ಗಂಡಸೊಬ್ಬ ಭಾನುವಾರ ಇಸ್ತ್ರಿ ಅಂಗಿ ಹಾಕಿದರೆ ಕಾರಣ ಕೇಳುವ ಪದ್ಧತಿ ಇರಲಿಲ್ಲ. ಸಾವಿಗೆ ಹೋಗುವವನು ಇಸ್ತ್ರಿ ಮಾಡಿಸುವುದಿಲ್ಲ. ಮದುವೆ ಊಟಕ್ಕೆ ಹೋದವನು ಆ ಹೊತ್ತಿಗೆ ಉಂಡು ವಾಪಸು ಬಂದಿರುತ್ತಾನೆ. ಉಳಿದದ್ದು ಹೆಣ್ಣು ನೋಡುವುದೊಂದೇ. ಈ ಸೀಮೆಯಲ್ಲಿ ಹೆಣ್ಣು ಸಿಗದ ಗಂಡುಗಳು ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ನಿಂತ ಕಬ್ಬಿನ ಲಾರಿಗಳ ಹಾಗೆ. ಸರದಿ ಬರುವಷ್ಟರಲ್ಲಿ ಒಣಗಿ ತೂಕ ಕಳೆದುಕೊಂಡಿರುತ್ತವೆ. ಒಂದು ಲಾರಿ ಒಂದಡಿ ಮುಂದಕ್ಕೆ ಹೋದರೂ ಹಿಂದಿನವರೆಲ್ಲ ಕತ್ತು ಚಾಚಿ ನೋಡುತ್ತಾರೆ.

ಆದರೆ ಪುಟ್ಟರಾಜು ಹೊರಟಿದ್ದು ಹೆಣ್ಣು ನೋಡುವುದಕ್ಕಲ್ಲ, ಗಂಡು ನೋಡುವುದಕ್ಕೆ. ಅದೂ ತನ್ನ ಹೂಜಿ ಗಿಡಕ್ಕೆ.

ಅವನು ಕರೆಂಟಿನ ಮೀಟರು ಓದುವ ಕೆಲಸದವನು. ಊರಿನ ಎಲ್ಲ ಮನೆಯೂ ಅವನಿಗೆ ಮೀಟರು ಬೋರ್ಡಿನ ತನಕ ಗೊತ್ತು, ಅದರಾಚೆಗೆ ಒಂದೂ ಗೊತ್ತಿಲ್ಲ. ನಾಯಿಗಳು ಅವನನ್ನು ಗುರುತಿಸುತ್ತಿದ್ದವು, ಜನ ಬಿಲ್ಲನ್ನು ಗುರುತಿಸುತ್ತಿದ್ದರು. ಶಿವಪುರದ ಹತ್ತಿರದ ಊರಿನಲ್ಲಿ ಅವ್ವ ತೀರಿಕೊಂಡ ಮೇಲೆ ಅತ್ತ ಹೋಗುವ ಕೆಲಸವೂ ಉಳಿದಿರಲಿಲ್ಲ. ಬಾಡಿಗೆ ಮನೆಯಲ್ಲಿ ಅನ್ನ ಉಳಿದರೆ ಬೆಳಿಗ್ಗೆ ಚಿತ್ರಾನ್ನ. ಚಿತ್ರಾನ್ನ ಉಳಿದರೆ ರಾತ್ರಿಗೂ ಅದೇ.

ಗಿಡವನ್ನು ಅವನು ತರಿಸಿದ್ದು ಪ್ರೀತಿಯಿಂದಲ್ಲ. ಮನೆ ಹಿಂದೆ ಚರಂಡಿ, ಚರಂಡಿಯ ತುಂಬ ಸೊಳ್ಳೆ. 'ಸೊಳ್ಳೆ ತಿನ್ನುವ ಗಿಡ' ಎಂದು ಮೊಬೈಲಿನಲ್ಲಿ ಜಾಹೀರಾತು ಬಂತು, ತರಿಸಿದ. ಎಲೆಯ ತುದಿಯಿಂದ ಮುಚ್ಚಳವಿರುವ ಪುಟ್ಟ ಪುಟ್ಟ ಹೂಜಿಗಳು ನೇತಾಡುವ ಗಿಡ. ಜಾರಿ ಒಳಗೆ ಬಿದ್ದ ಹುಳ ಅಲ್ಲೇ ಕರಗಿ ಗಿಡಕ್ಕೆ ಊಟವಾಗಬೇಕು. ಇರುವೆಗಳೇನೋ ಬಿದ್ದವು. ಒಂದು ಜಿರಲೆಯೂ ಬಿತ್ತು. ಸೊಳ್ಳೆಗಳು ಮಾತ್ರ ಹೂಜಿಯ ಅಂಚಿನ ಮೇಲೆ ಕುಳಿತು ದಣಿವಾರಿಸಿಕೊಂಡು ಪುಟ್ಟರಾಜುವನ್ನು ಕಚ್ಚಲು ಬರುತ್ತಿದ್ದವು.

ಆದರೂ ಸಂಜೆ ಕೆಲಸದಿಂದ ಬಂದರೆ ಅವನು ಮೊದಲು ನೋಡುತ್ತಿದ್ದದ್ದು ಅದನ್ನೇ. ನೋಡಲಿಕ್ಕೆ ಮನೆಯಲ್ಲಿ ಬೇರೇನೂ ಇರಲಿಲ್ಲ. ಇಂಥ ಗಿಡ ಸಾಕುವವರ ವಾಟ್ಸಪ್ ಗುಂಪೊಂದಕ್ಕೆ ಸೇರಿಕೊಂಡ. ಅಲ್ಲಿ ಜನ ಮಕ್ಕಳ ಫೋಟೋ ಹಾಕುವ ಹಾಗೆ ತಾವೇ ಬೀಜದಿಂದ ಎಬ್ಬಿಸಿದ ಸಸಿಗಳ ಫೋಟೋ ಹಾಕುತ್ತಿದ್ದರು. ಪುಟ್ಟರಾಜು ಎಲ್ಲದಕ್ಕೂ ಕೈಮುಗಿಯುವ ಚಿಹ್ನೆ ಕಳಿಸುತ್ತಿದ್ದ. ತಾನೂ ಒಂದು ಸಲ ಅಂಥದೊಂದು ಫೋಟೋ ಹಾಕಬೇಕು, ಅದಕ್ಕೆ ಯಾರಾದರೂ ಕೈಮುಗಿಯಬೇಕು. ಅವನ ಆಸೆ ಅಷ್ಟೇ ಇತ್ತು.

ಈ ವರ್ಷ ಗಿಡ ಮೊದಲ ಸಲ ಹೂವಿನ ತೆನೆ ಎತ್ತಿತು. ಫೋಟೋ ನೋಡಿದವರು, "ನಿಮ್ಮದು ಹೆಣ್ಣು. ಈ ಜಾತೀಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ಹೂವಿನ ಪುಡಿ ತಂದು ನೀವೇ ಕೈಯಾರೆ ಮುಟ್ಟಿಸಬೇಕು. ಇಲ್ಲದಿದ್ದರೆ ಬೀಜ ಇಲ್ಲ" ಎಂದರು. ಭಾನುವಾರ ಬೆಳಿಗ್ಗೆ ನೋಡಿದರೆ ಹೂಗಳ ತುದಿಯಲ್ಲಿ ಜೇನು ಸವರಿದಂತೆ ಅಂಟು ಮಿಂಚುತ್ತಿತ್ತು. ಇದೇ ಹದ. ಗುಂಪಿನಲ್ಲಿ ಮೊರೆಯಿಟ್ಟ. 'ಶಶಿಧರ್ ಕಿರುಗಾವಲು' ಎಂಬ ನಂಬರಿನಿಂದ ಉತ್ತರ ಬಂತು: "ನಮ್ಮದು ಗಂಡು. ಹೂ ಬಿಟ್ಟಿದೆ. ನಾಳೆಗೆ ಪುಡಿ ಉದುರಿ ಹೋಗುತ್ತೆ. ಇವತ್ತೇ ಬನ್ನಿ."

ಪುಟ್ಟರಾಜು ಮಕ್ಕಳು ಬಣ್ಣ ಹಚ್ಚುವ ಬ್ರಷ್ಷೊಂದನ್ನು ಜೇಬಿಗಿಟ್ಟುಕೊಂಡ. ಶಶಿಧರ್ ದೊಡ್ಡ ಮನುಷ್ಯರಿರಬಹುದು ಎಂದು ಇಸ್ತ್ರಿ ಅಂಗಿ ಹಾಕಿಕೊಂಡ. ಕೆಟ್ಟದ್ದು ಅಲ್ಲೇ.

"ಎಲ್ಲಿಗ್ಲಾ ಹೊಂಟೆ, ಮದಲಿಂಗನಂಗೆ?" ಪಕ್ಕದ ಮನೆಯ ಸಣ್ಣತಾಯಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತ ಕೇಳಿದಳು.

"ಕಿರುಗಾವಲಿಗೆ ಕಣವ್ವ. ಒಂದು ಗಿಡದ ಕೆಲಸ."

"ಅಹಹಾ, ಗಿಡದ ಕೆಲ್ಸ! ಯಾರ ಮನೆಗೆ?"

"ಶಶಿಧರ್ ಅಂತ. ಅವರ ಹತ್ರ ಗಂಡು ಗಿಡ ಐತೆ. ನಂದು ಹೆಣ್ಣು. ಅದರ ಪುಡಿ ತಂದು ಇದಕ್ಕೆ ಮುಟ್ಟಿಸಬೇಕು. ಇವತ್ತೇ ಆಗಬೇಕು."

ಸಣ್ಣತಾಯಮ್ಮ ಕೈಯಲ್ಲಿದ್ದ ಅಲಸಂದೆಕಾಯಿಯನ್ನು ಮೊರಕ್ಕೆ ಬಿಟ್ಟಳು. "ಏನ್ ಸುಳ್ಳು ಯೋಳ್ತೀಯ್ಲಾ! ಗಿಡಕ್ಕೆ ಗಂಡು ಉಡುಕ್ಕೊಂಡು ಯಾರಾರಾ ಇಸ್ತ್ರಿ ಆಕ್ಕೊಂಡು ಓದಾರಾ? ಎಣ್ಣು ನೋಡಕ್ ಓಯ್ತಾವ್ನಿ ಅಂದ್ರೆ ನಾವೇನು ಅಡ್ಡ ಬೀಳ್ತೀವಾ?"

"ಅವ್ವ, ದೇವರಾಣೆಗೂ..."

"ದೇವ್ರನ್ನ ಸುಮ್ಕಿರಾಕ್ ಬುಡು. ಅವ್ನಿಗೂ ಸಾಕಾಗದೆ. ಒಬ್ನೇ ಓಗ್ತಾರೇನ್ಲಾ? ಎಣ್ಣು ಕೊಡೋರು ಏನಂದಾರು? ಗತಿ ಇಲ್ದೋನು, ಇಂದೆ ಮುಂದೆ ಯಾರೂ ಇಲ್ಲ ಅನ್ನಾಕಿಲ್ವಾ?"

ಹಿಂದೆ ಮುಂದೆ ಯಾರೂ ಇಲ್ಲ ಎಂಬುದು ನಿಜವೇ ಆಗಿದ್ದರಿಂದ ಪುಟ್ಟರಾಜು ಸುಮ್ಮನಾದ. ಆ ಒಂದು ಗಳಿಗೆ ಸಾಕಾಯಿತು. ಸಣ್ಣತಾಯಮ್ಮ ಒಳಗೆ ಹೋಗಿ ರೇಷ್ಮೆ ಅಂಚಿನ ಸೀರೆ ಉಟ್ಟು ಬಂದಳು. ಮಗ ಯತೀಶನನ್ನು ನಿದ್ದೆಯಿಂದ ಎಬ್ಬಿಸಿ, "ಆಟೊ ತಗಿಲಾ" ಎಂದಳು.

ಯತೀಶನಿಗೂ ಮದುವೆಯಾಗಿರಲಿಲ್ಲ. ಸ್ವಂತ ಆಟೊ ಇತ್ತು, ಕೊತ್ತತ್ತಿಯಲ್ಲಿ ನಾಲೆ ನೀರಿನ ಗದ್ದೆ ಇತ್ತು, ಮೀಸೆಯೂ ಚೆನ್ನಾಗಿತ್ತು. ಆದರೂ ತಾಯಿ ಮಗ ಸೇರಿ ಮದ್ದೂರು, ಮಂಡ್ಯ ಎಲ್ಲ ತಿರುಗಿ ಎಲ್ಲರ ಮನೆಯ ಉಪ್ಪಿಟ್ಟು ತಿಂದು ಬಂದದ್ದಷ್ಟೇ ಲಾಭ. "ನನ್ ಮಗನಿಗಂತೂ ಕೂಡಿ ಬರ್ನಿಲ್ಲ. ತಾಯಿಲ್ದ ಮಗ ನೀನು, ನಿಂಗಾದ್ರೂ ಆಗ್ಲಿ ಬುಡು" ಎಂದಳು ಸಣ್ಣತಾಯಮ್ಮ. ಆ ಮಾತಿನಲ್ಲಿ ಕಪಟವಿರಲಿಲ್ಲ.

ಆಟೊ ಹತ್ತುವಾಗ ಅವಳು ಎಣಿಸಿ ನೋಡಿ ಕೆಳಗಿಳಿದಳು. "ಮೂರ್ ಜನ ಆದ್ವಿ. ಮೂರ್ ಜನ ಓದ್ರೆ ಮುರ್ದ್ ಬೀಳ್ತದೆ. ಇನ್ನೊಬ್ರು ಬೇಕು."

ಅರಳಿಕಟ್ಟೆಯ ಮೇಲೆ ಜಯಪ್ರಕಾಶ್ ಕೂತಿದ್ದರು. ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಎಲ್ಲಿಗೆ ಯಾಕೆ ಎಂದು ಕೇಳುವ ಮೊದಲೇ ಆಟೊ ಹತ್ತಿ ಕೂತು, ಅಭ್ಯಾಸಬಲದಿಂದ, "ರೈಟ್" ಎಂದರು. ಆಟೊ ಹೊರಟಿತು.

ದಾರಿಯುದ್ದಕ್ಕೂ ಮೂವರೂ ಪುಟ್ಟರಾಜುವಿಗೆ ತರಬೇತಿ ಕೊಟ್ಟರು. "ಸಂಬಳ ಕೇಳಿದ್ರೆ ನೀನು ಬಾಯಿ ತೆಗೀಬೇಡ, ನಾನು ಹೇಳ್ತೀನಿ" ಎಂದರು ಜಯಪ್ರಕಾಶ್. "ಕಾಫಿ ಕೊಟ್ಟಾಗ ಲೋಟ ನೋಡ್ಬ್ಯಾಡ, ಮುಕ ನೋಡು" ಎಂದಳು ಸಣ್ಣತಾಯಮ್ಮ. "ನಂಗೆ ಹಿಂಗೇ ಯೋಳಿದ್ರು, ನೋಡ್ತಾ ನೋಡ್ತಾ ಕಾಫಿ ಪ್ಯಾಂಟಿನ ಮೇಲೆ ಬಿತ್ತು" ಎಂದ ಯತೀಶ ಮುಂದಿನಿಂದ. ಪುಟ್ಟರಾಜು ಒಂದೇ ಮಾತನ್ನು ಹೇಳುತ್ತಿದ್ದ: ಅಲ್ಲಿ ಹೆಣ್ಣಿಲ್ಲ, ಶಶಿಧರ್ ಎಂಬ ಗಂಡಸಿದ್ದಾರೆ, ಅವರ ಹತ್ತಿರ ಗಿಡವಿದೆ. ಮೂರನೆಯ ಸಲ ಹೇಳಿದಾಗ ಜಯಪ್ರಕಾಶ್ ಅವನ ತೊಡೆ ತಟ್ಟಿ, "ಗಾಬ್ರಿ ಆಗಬೇಡ. ಮೊದಲ ಟ್ರಿಪ್ಪು ಎಲ್ಲರಿಗೂ ಹಿಂಗೇ" ಎಂದರು.

ಕಿರುಗಾವಲಿನ ಆ ಮನೆಯ ಮುಂದೆ ಇಳಿದಾಗ ಪುಟ್ಟರಾಜು ನೇರ ಹೋಗಿ ಗೋಡೆಯ ಮೇಲಿನ ಮೀಟರಿಗೆ ಕಣ್ಣು ಹಚ್ಚಿ ನಿಂತ. ಅವನಿಗೆ ಪರರ ಮನೆ ಪ್ರವೇಶಿಸುವ ಬೇರೆ ವಿಧಾನ ಗೊತ್ತಿರಲಿಲ್ಲ. ಒಳಗಿನಿಂದ ಬಂದ ಶಶಿಧರ್, "ಭಾನುವಾರಾನೂ ಬಿಲ್ಲು ಕೊಡೋಕೆ ಶುರು ಮಾಡಿದ್ರಾ?" ಎಂದರು.

"ಬಿಲ್ಲಲ್ಲ ಸ್ವಾಮಿ, ನಾವು ಹುಡುಗನ ಕಡೆಯೋರು" ಎಂದರು ಜಯಪ್ರಕಾಶ್.

ಶಶಿಧರ್ ಬಂದವರನ್ನು ಒಬ್ಬೊಬ್ಬರಾಗಿ ನೋಡಿದರು. ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಹುಡುಗಿ ಬಂದು, "ಪುಟ್ಟರಾಜು ಅಂದ್ರೆ ಯಾರು? ಗಿಡದ ಮೆಸೇಜು ಕಳಿಸಿದ್ದು ನಾನೇ, ವೀಣ. ಅಪ್ಪನ ಫೋನಿಂದ" ಎಂದಳು.

ಸಣ್ಣತಾಯಮ್ಮ, ಜಯಪ್ರಕಾಶ್, ಯತೀಶ ಮೂವರೂ ಒಟ್ಟಿಗೆ ತಿರುಗಿ ಪುಟ್ಟರಾಜುವನ್ನು ನೋಡಿದರು. ಕಳ್ಳ ಸಿಕ್ಕಿಬಿದ್ದಾಗ ಪೊಲೀಸರು ನೋಡುವ ನೋಟ. "ಸಸಿದರ ಅಂದ್ನಲ್ಲ, ಬಡ್ಡಿಮಗ!" ಎಂದು ಸಣ್ಣತಾಯಮ್ಮ ಸಂತೋಷದಿಂದ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು.

ಶಶಿಧರ್ ಮನಸ್ಸಿನಲ್ಲೂ ಲೆಕ್ಕ ಕೂಡಿತು. ಒಪ್ಪಿದ ಗಂಡುಗಳನ್ನೆಲ್ಲ ಬಾಯಿಬಿಟ್ಟು ಬೇಡವೆಂದ ಮಗಳು. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ನೀರು ಬೆರೆಸಿದವರು ಕ್ಯಾನು ಇಳಿಸುವ ಮೊದಲೇ ಅವಳ ಮುಖ ನೋಡಿ ಹಿಂದಕ್ಕೆ ಹೋಗುತ್ತಿದ್ದರು. ಅಂಥವಳು ಈಗ ತಾನಾಗಿ ಒಬ್ಬನಿಗೆ ಮೆಸೇಜು ಕಳಿಸಿ ಕರೆಸಿದ್ದಾಳೆ. ಹುಡುಗ ಹಿರಿಯರ ಸಮೇತ ಬಂದಿದ್ದಾನೆ. ಗಿಡ ಅಂದದ್ದು ಬರೀ ನೆಪ. ಶಶಿಧರ್ ಒಳಗೆ ನುಗ್ಗಿ, "ಅವ್ವಾ, ನಿಪ್ಪಟ್ಟಿನ ಡಬ್ಬ ಎಲ್ಲವ್ವ?" ಎಂದು ಕೂಗಿದರು. ಮೂಲೆಯಿಂದ ಅವರ ತಾಯಿ ಚಿಕ್ಕಬೋರಮ್ಮ ಕೋಲು ಊರಿಕೊಂಡು ಎದ್ದಳು.

ಹಿರಿಯರು ನಡುಮನೆಯಲ್ಲಿ ಮಾತಿಗೆ ಕೂತಾಗ ವೀಣ ಪುಟ್ಟರಾಜುವನ್ನು ಹಿತ್ತಲಿಗೆ ಕರೆದೊಯ್ದಳು. ನೀರಿನ ತೊಟ್ಟಿಯ ಪಕ್ಕ, ಹಸಿರು ಬಲೆಯ ನೆರಳಿನಲ್ಲಿ ಗಂಡು ಗಿಡ. ತೆನೆಯ ತುಂಬ ಸಾಸಿವೆ ಗಾತ್ರದ ಹಳದಿ ಗುಂಡುಗಳು. ಮುಟ್ಟಿದರೆ ಬೆರಳಿಗೆ ಅರಿಶಿನ.

"ನಿಮ್ಮ ಹೂವಿನ ತುದಿ ಮಿಂಚ್ತಾ ಇದೆಯಾ?" ವೀಣ ಕೇಳಿದಳು.

"ಬೆಳಿಗ್ಗೆಯಿಂದ."

"ಕೆಳಗಿನ ಹೂವಾ, ಮೇಲಿನದಾ?"

"ಕೆಳಗಿನವು. ಮೇಲಿನವು ಇನ್ನೂ ಮೊಗ್ಗು."

"ನೀರು ಯಾವುದು ಹಾಕ್ತೀರಿ? ಬೋರಿಂದಾ?"

"ಇಲ್ಲ ಇಲ್ಲ. ಮಳೆ ನೀರು ಹಿಡಿದಿಟ್ಕೊಂಡಿದ್ದೀನಿ. ಬೋರಿನ ನೀರಿಗೆ ಎಲೆ ಸುಟ್ಟು ಹೋಯ್ತು."

"ನಂದೂ ಹಂಗೇ ಆಗಿತ್ತು" ಎಂದಳು.

ವರ್ಷಗಟ್ಟಲೆಯಿಂದ ಜನ ಪುಟ್ಟರಾಜುವನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ತಿಂಗಳು ಯಾಕಿಷ್ಟು ಬಂತು? ಒಂದು ಪ್ರಶ್ನೆಗೆ ಉತ್ತರ ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಮನುಷ್ಯರೂ ಇದ್ದಾರೆಂಬುದು ಅವನಿಗೆ ಮರೆತೇ ಹೋಗಿತ್ತು.

"ಈ ಮನೆಗೆ ಬಂದೋರಲ್ಲಿ ಮುಕ್ಕಾಲು ಜನ ಮೊದಲು ನನ್ನ ನೋಡ್ತಾರೆ. ಆಮೇಲೆ ಈ ಗಿಡ ನೋಡ್ತಾರೆ. ಆಮೇಲೆ ಎದ್ದು ಹೋಗ್ತಾರೆ" ಎಂದಳು ವೀಣ.

"ಯಾಕೆ?"

"ಹುಳ ನುಂಗೋ ಗಿಡ ಸಾಕೋಳು ಅತ್ತೇನ ಬಿಟ್ಟಾಳಾ ಅಂತ."

ಪುಟ್ಟರಾಜು ನಕ್ಕ. ತನ್ನ ನಗು ತನಗೇ ಅಪರಿಚಿತವೆನಿಸಿ ತಟ್ಟನೆ ನಿಲ್ಲಿಸಿದ. ವೀಣ ಬ್ಲೇಡು ತಂದು ತೆನೆಯನ್ನು ಬುಡದಿಂದಲೇ ಕತ್ತರಿಸಿ ಅವನ ಕೈಗೆ ಕೊಟ್ಟಳು. "ಬ್ರಷ್ಷಲ್ಲಿ ಎಷ್ಟು ಅಂತ ತೆಗೀತೀರಿ? ಇಡೀ ತೆನೆ ಒಯ್ದು ಹೂವಿಗೆ ಹೂವು ಉಜ್ಜಿ. ಬೀಜ ಕಟ್ಟಿದ್ರೆ ನನಗೂ ಒಂದಿಷ್ಟು ಕೊಡಿ."

ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ಐದು ಜೊತೆ ಕಣ್ಣುಗಳು ನೋಡಿದವು.

ಅವರು ಒಳಗೆ ಬಂದಾಗ ಮಾತುಕತೆ ಪುಟ್ಟರಾಜುವನ್ನು ದಾಟಿ ಬಹಳ ದೂರ ಹೋಗಿತ್ತು. ಛತ್ರ ಮಳವಳ್ಳಿಯಲ್ಲೋ ಕಿರುಗಾವಲಿನಲ್ಲೋ ಎಂಬುದೊಂದು ಬಾಕಿ ಇತ್ತು. ಶಶಿಧರ್ ಮಗಳತ್ತ ತಿರುಗಿ, "ಏನವ್ವ, ಒಪ್ಪಿಗೆಯಾ?" ಎಂದರು.

ವೀಣ ಮೊದಲು ಅಪ್ಪನನ್ನು, ಆಮೇಲೆ ತುಂಬಿದ ನಡುಮನೆಯನ್ನು ನೋಡಿದಳು. ಅವಳಿಗೆ ವಿಷಯ ಈಗ ಅರ್ಥವಾಯಿತು. ಪುಟ್ಟರಾಜುವಿನ ಕಡೆ ನೋಡಿದಳು. ಬೇಡ ಎನ್ನಲಿಲ್ಲ. ಸುಮ್ಮನಿದ್ದಳು.

ಆ ಮನೆಯಲ್ಲಿ ಅಂಥ ಮೌನ ಹಿಂದೆಂದೂ ಆಗಿರಲಿಲ್ಲ. ಚಿಕ್ಕಬೋರಮ್ಮ ಕೋಲನ್ನು ನೆಲಕ್ಕೆ ಕುಟ್ಟಿದಳು. "ಮೊಮ್ಮಗಳು ಬ್ಯಾಡ ಅನ್ನಿಲ್ಲ! ಇವತ್ತೇ ಊ ಮುಡಿಸ್ಬುಡಿ. ಆಷಾಡ ಬತ್ತಾ ಅದೆ, ಆಮೇಲೆ ಒಂದ್ ತಿಂಗ್ಳು ಸುಬ ಕಾರ್ಯ ಇಲ್ಲ. ಅಷ್ಟರೊಳಗೆ ಇವ್ಳ ಮನ್ಸು ತಿರೀಕಂದ್ರೆ?"

ಹುಡುಗನ ಕಡೆಯ ಹೆಂಗಸು ಹೆಣ್ಣಿನ ತಲೆಗೆ ಹೂ ಮುಡಿಸಿದರೆ ಸಂಬಂಧ ಗಟ್ಟಿಯಾದಂತೆ. ಅದರ ಮೇಲೆ ಎರಡು ಮಾತಿಲ್ಲ. ಆದರೆ ಹೂವೆಲ್ಲಿ? ಹೂ ಇಲ್ಲದೆ ಹೆಣ್ಣು ನೋಡಲು ಬಂದವರೆಂದು ಸಣ್ಣತಾಯಮ್ಮನಿಗೆ ಅವಮಾನವಾಯಿತು. "ಓಗ್ಲಾ, ಬಸ್‌ಸ್ಟ್ಯಾಂಡಲ್ಲಿ ಒಂದ್ ಮೊಳ ಮಲ್ಲಿಗೆ ತಕ್ಕಬಾ" ಎಂದು ಯತೀಶನನ್ನು ಓಡಿಸಿದಳು.

ಯತೀಶ ಹೋದ. ಗೋಡೆಯ ಗಡಿಯಾರವೂ ಓಡಿತು. ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ. ಶಶಿಧರ್ ಬಾಗಿಲಿಗೆ ಹೋಗಿ ನೋಡಿ ಬಂದರು. ಜಯಪ್ರಕಾಶ್ ಹೋಗಿ ನೋಡಿ ಬಂದರು. ಪುಟ್ಟರಾಜು ಗೋಡೆಗೊರಗಿ, ತೆನೆಯನ್ನು ಎದೆಗೆ ಹಿಡಿದು, ಮೊದಲ ಬಾರಿಗೆ ಗಿಡ ಬಿಟ್ಟು ಬೇರೊಂದರ ಬಗ್ಗೆ ಯೋಚಿಸುತ್ತಿದ್ದ. ಸಂಜೆ ಕೆಲಸದಿಂದ ಬಂದಾಗ ಮನೆಯಲ್ಲಿ ಯಾರೋ, 'ಕೆಳಗಿನ ಹೂವಾ, ಮೇಲಿನದಾ?' ಎಂದು ಕೇಳುವ ಹಾಗೆ. ಇದು ತಪ್ಪು ತಿಳಿವಳಿಕೆ ಎಂದು ಬಿಡಿಸಿ ಹೇಳಬೇಕಾಗಿತ್ತು. ಹೇಳುವ ಮನಸ್ಸಿರಲಿಲ್ಲ.

"ರಾವುಕಾಲ ಬಂದೇ ಬುಡ್ತದೆ ಕಣಮ್ಮೀ!" ಎಂದು ಚಿಕ್ಕಬೋರಮ್ಮ ಚೀರಿದಳು.

ಸಣ್ಣತಾಯಮ್ಮ ಸುತ್ತ ನೋಡಿದಳು. ಮನೆಯಲ್ಲಿ ಹೂವೆಂಬುದು ಒಂದೇ ಇತ್ತು. ಅದು ಪುಟ್ಟರಾಜುವಿನ ಕೈಯಲ್ಲಿತ್ತು. "ಊವ ಕೈಲೇ ಮಡಿಕ್ಕಂಡು ನಿಂತವ್ನಲ್ಲಪ್ಪ!" ಎಂದವಳೇ ತೆನೆಯನ್ನು ಕಿತ್ತುಕೊಂಡು ವೀಣಳ ಜಡೆಗೆ ಸಿಕ್ಕಿಸಿಬಿಟ್ಟಳು.

ಜೋಳದ ತೆನೆ ಸಿಕ್ಕಿಸಿದಂತೆ ಕಂಡಿತು. ವಾಸನೆ ಬೇರೆ. "ಇದ್ಯಾವ್ ಊವಮ್ಮ, ಬೂಸ್ಲು ವಾಸ್ನೆ ಒಡಿತದೆ" ಎಂದಳು ಚಿಕ್ಕಬೋರಮ್ಮ. "ಇರ್ಲಿ, ಊವು ಊವೇ. ಒಳ್ಳೆ ಗಳ್ಗೆಲಿ ಮುಡಿಸ್ದೆ ತಾಯಿ. ನಿನ್ ಮಗ ನಿನ್ನಂಗೇ ಲಕ್ಷಣವಾಗವ್ನೆ."

"ನನ್ ಮಗ ಅಲ್ಲ ಕಣವ್ವ, ಇವ್ನು ನಮ್ ಪಕ್ಕದ್ ಮನೆಯೋನು. ನನ್ ಮಗ ಊ ತರಕ್ ಓಗವ್ನೆ" ಎಂದಳು ಸಣ್ಣತಾಯಮ್ಮ.

ಸರಿಯಾಗಿ ಆಗಲೇ ಬಾಗಿಲಲ್ಲಿ ಯತೀಶ ಕಾಣಿಸಿಕೊಂಡ. ಓಡಿ ಬಂದ ಮುಖ ಕೆಂಪಾಗಿತ್ತು, ಮೀಸೆಯಲ್ಲಿ ಬೆವರಿತ್ತು, ಕೈಯಲ್ಲಿ ಬಾಳೆಲೆಯ ಮೇಲೆ ಮಲ್ಲಿಗೆ. ಕ್ಯಾಲೆಂಡರಿನ ಮದುಮಗ.

ಚಿಕ್ಕಬೋರಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಇವ್ನು ನಿನ್ ಮಗನಾ? ಮದ್ವೆ ಆಗದಾ?"

"ಇಲ್ಲ."

"ಅಂಗಾರೆ ಆಯ್ತು. ನಮ್ ವಂಸದಲ್ಲಿ ಯಾರ್ ತಾಯಿ ಊ ಮುಡಿಸ್ತಾಳೋ ಅವ್ಳ ಮನೆಗೇ ಎಣ್ಣು. ಮುಡಿಸಿದ್ ಊವ ಕಿತ್ತು ಇನ್ನೊಬ್ರ ಕೈಲಿ ಮುಡಿಸೋದುಂಟಾ? ನಮ್ ಚಿಕ್ಕಪ್ಪನ್ ಮಗ್ಳಿಗೆ ಅಂಗ್ ಮಾಡಿ, ಆ ವರ್ಸ ಮೂರ್ ಎಮ್ಮೆ ಸತ್ವು."

"ಇದೆಂಥ ನ್ಯಾಯ?" ಜಯಪ್ರಕಾಶ್ ಎದ್ದು ನಿಂತರು. "ಟಿಕೆಟ್ಟು ಇವನದು, ಸೀಟು ಇನ್ನೊಬ್ಬನಿಗಾ? ಅಮ್ಮಾ, ಈ ಹುಡುಗನೂ ಅವರನ್ನ ಅವ್ವ ಅಂತಲೇ ಕರೆಯೋದು!"

"ಕರ್ಯಾಕೇನು? ನಾನು ಮಾರಮ್ಮನ್ನೂ ಅವ್ವ ಅಂತೀನಿ. ಅವ್ಳು ಬಂದು ನನ್ನ ಬಾಣಂತನ ಮಾಡಿದ್ಲಾ?" ಎಂದಳು ಚಿಕ್ಕಬೋರಮ್ಮ. ಪುಟ್ಟರಾಜುವಿನ ಕಡೆ ತಿರುಗಿ ಸ್ವಲ್ಪ ಮೃದುವಾಗಿ, "ನಿನ್ನೋರು ಅಂತ ಯಾರಾರಾ ಎಂಗ್ಸು ಅವ್ರೇನಪ್ಪ? ಅಕ್ಕ, ತಂಗಿ, ಚಿಕ್ಕಮ್ಮ?"

"ಇಲ್ಲ" ಎಂದ ಪುಟ್ಟರಾಜು.

ಎಲ್ಲರೂ ಸಣ್ಣತಾಯಮ್ಮನನ್ನು ನೋಡಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನೆರೆಯವನಿಗೆ ಉಪಕಾರ ಮಾಡಲು ಬಂದವಳು ಅವಳು. ಆದರೆ ಎಲ್ಲ ಊರಿನ ಉಪ್ಪಿಟ್ಟು ತಿಂದು ಬರಿಗೈಯಲ್ಲಿ ಬಂದವಳೂ ಅವಳೇ. "ನಾನೇನ್ ಬೇಕಂತ ಮಾಡಿದ್ನಾ?" ಎಂದಳು. "ಪುಟ್ಟರಾಜು ಗಿಡಕ್ಕೆ ಅಂತಾನೇ ಬಂದಿದ್ದು. ಮದ್ಯಾನದಿಂದ ಅದ್ನೇ ಬಾಯ್ ಬಡ್ಕತಾವ್ನೆ. ಅಲ್ವೇನ್ಲಾ?"

ಮಧ್ಯಾಹ್ನದಿಂದ ಯಾರೂ ನಂಬದಿದ್ದ ಮಾತನ್ನು ಈಗ ಎಲ್ಲರೂ ಒಮ್ಮೆಗೇ ನಂಬಿದರು.

ವೀಣ ನಂಬಲಿಲ್ಲ. ಅವಳು ಎದ್ದು ಬಂದು ಪುಟ್ಟರಾಜುವಿನ ಎದುರು ನಿಂತಳು. ಹಾಲಿಗೆ ನೀರು ಬೆರೆಸಿದ್ದಾನೋ ಇಲ್ಲವೋ ಎಂದು ನೋಡುವವಳ ಹಾಗೆ ಅವನ ಮುಖ ನೋಡಿದಳು. "ಅಜ್ಜಿ ಹೇಳಿದ್ದು ಇರಲಿ, ಎಮ್ಮೆ ಸತ್ತದ್ದೂ ಇರಲಿ. ನೀವು ಹೇಳಿ. ಬಂದಿದ್ದು ಗಿಡಕ್ಕೋ, ನನಗೋ? ಒಂದೇ ಮಾತು ಸಾಕು. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."

ಪುಟ್ಟರಾಜು ಬಾಯಿ ತೆರೆದ. ಅದೇ ಗಳಿಗೆಗೆ ವೀಣಳ ಜಡೆಯಿಂದ, ಅವಳು ಎದ್ದು ಬಂದ ರಭಸಕ್ಕೆ, ಹಳದಿ ಪುಡಿ ಸುರಿದು ಹೆಗಲ ಮೇಲೆ ಬಿತ್ತು. ಅಲ್ಲಿಂದ ಜಾರಿ ನೆಲಕ್ಕೆ. ವರ್ಷಕ್ಕೊಂದು ತೆನೆ. ಇವತ್ತೇ ಕೊನೆ.

"ಅಲುಗಾಡಬೇಡಿ!" ಎಂದು ಪುಟ್ಟರಾಜು ಜೇಬಿನಿಂದ ಬ್ರಷ್ಷು ತೆಗೆದ. "ಪುಡಿ ಉದುರ್ತಾ ಇದೆ!"

ವೀಣ ಅಲುಗಾಡಲಿಲ್ಲ. ಅವನ ಬ್ರಷ್ಷು ಅವಳ ಹೆಗಲಿಗೆ ಇನ್ನೂ ಗೇಣಿರುವಾಗ, "ಸರಿ" ಎಂದಳು. ಹಿಂದಕ್ಕೆ ಸರಿದು ನಿಂತು, ಬಾಗಿಲ ಕಡೆ ನೋಡಿ, "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ ನಿಮಗೆ?" ಎಂದಳು.

"ಎರಡು ಚಮಚ" ಎಂದ ಯತೀಶ. ಈ ಸಲ ಅವನು ಕಾಫಿ ಚೆಲ್ಲಲಿಲ್ಲ.

ಮುಡಿಸಿದ ತೆನೆ ದೀಪ ಹಚ್ಚುವ ತನಕ ಹೆಣ್ಣಿನ ತಲೆಯಲ್ಲೇ ಇರಬೇಕು, ಆಮೇಲೆ ದೇವರ ಮುಂದೆ ಇಡಬೇಕು. ಹೊರಗಿನವರು ಮುಟ್ಟುವ ಹಾಗಿಲ್ಲ ಎಂದು ಚಿಕ್ಕಬೋರಮ್ಮ ತೀರ್ಪು ಕೊಟ್ಟಳು. ಹಿತ್ತಲ ಗಿಡದಲ್ಲಿ ಬೇರೆ ತೆನೆಯಿರಲಿಲ್ಲ. ಪುಟ್ಟರಾಜು ನೆಲದ ಮೇಲೆ ಬಿದ್ದ ಪುಡಿಯನ್ನಾದರೂ ಬಳಿದುಕೊಳ್ಳೋಣವೆಂದು ಬಗ್ಗಿದ. ಅಷ್ಟರಲ್ಲಿ ಶಶಿಧರ್ ಹೊಸ ಬೀಗತಿಗೆ ಚಾಪೆ ಹಾಸಿ ಆಗಿತ್ತು.

ವಾಪಸು ಬರುವಾಗ ಯತೀಶ ಆಟೊವನ್ನು ಹಾಲಿನ ವ್ಯಾನಿನ ಹಾಗೆ ನಿಧಾನವಾಗಿ ಓಡಿಸಿದ. ಬದುಕಬೇಕೆಂಬ ಆಸೆ ಅವನಿಗೆ ಹೊಸದಾಗಿ ಹುಟ್ಟಿತ್ತು. ಜಯಪ್ರಕಾಶ್ ನಿಪ್ಪಟ್ಟು ತಿಂದ ಆಯಾಸಕ್ಕೆ ತೂಕಡಿಸುತ್ತಿದ್ದರು. ಸಣ್ಣತಾಯಮ್ಮ ಬಲಗೈಯನ್ನು ಆಟೊದ ಆಚೆಗೆ ಚಾಚಿ ಕೂತಿದ್ದಳು.

"ಕೈಗೇನಾಯ್ತು ಅವ್ವ?"

"ನಿನ್ ಊವಿನ್ ನಾತ ಕಣ್ಲಾ. ತೊಳ್ಕಳಾಕೆ ಎಲ್ಲಿ ಪುರ್ಸೊತ್ತು? ಎಡಗೈಲೇ ಕಾಪಿ ಕುಡ್ದೆ."

ಪುಟ್ಟರಾಜು ಅವಳ ಕೈಯನ್ನು ಗಾಳಿಯಿಂದ ಒಳಕ್ಕೆ ಎಳೆದುಕೊಂಡ. ಹೆಬ್ಬೆರಳು, ತೋರುಬೆರಳಿನ ಸಂದಿಯಲ್ಲಿ ಹಳದಿ ಪುಡಿ ಮೆತ್ತಿಕೊಂಡಿತ್ತು. ಬ್ರಷ್ಷು ತೆಗೆದು, ಮದರಂಗಿ ಬಿಡಿಸುವವನಂತೆ ಮೆಲ್ಲಗೆ, ಒಂದೊಂದೇ ಗೆರೆಯಿಂದ ಬಳಿದು ಕಾಗದದ ಮಡಿಕೆಗೆ ಹಾಕಿಕೊಂಡ. ಸಣ್ಣತಾಯಮ್ಮನಿಗೆ ಕಚಗುಳಿಯಾಗಿ ನಗು ಬಂತು. ನಗುತ್ತ ನಗುತ್ತ ಅಳು ಬಂತು. "ನಿಂಗೆ ನಾನು ಎಣ್ ಉಡುಕ್ತೀನಿ ಕಣ್ಲಾ ಮಗ. ನನ್ ಸೊಸೆ ಕಡೇಲೇ ಉಡುಕ್ತೀನಿ. ಎಲ್ಲರ್ಗೂ ಮುಂಚೆ ನಿಂಗೇ ಬಡಿಸ್ತೀನಿ ಮದ್ವೇಲಿ."

"ಕೈ ಅಲುಗಿಸಬೇಡ ಅವ್ವ" ಎಂದ ಪುಟ್ಟರಾಜು.

ಮಳವಳ್ಳಿಯ ದೀಪಗಳು ಕಾಣುವ ಹೊತ್ತಿಗೆ ಅವನು ವೀಣಳಿಗೆ ಉತ್ತರ ಕೊಡುವವನಂತೆ ಗಟ್ಟಿಯಾಗಿ, "ಎರಡಕ್ಕೂ" ಎಂದ.

ಜಯಪ್ರಕಾಶ್ ಎಚ್ಚೆತ್ತರು. "ಏನ್ಲಾ ಎರಡಕ್ಕೂ?"

"ಏನಿಲ್ಲ."

ಮನೆಗೆ ಬಂದವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ದೀಪ ಹೊತ್ತಿಸಿ, ಹಿತ್ತಲಿನ ಗಿಡದ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಅಂಟು ಇನ್ನೂ ಮಿಂಚುತ್ತಿತ್ತು. ಬ್ರಷ್ಷಿನ ತುದಿಗೆ ಪುಡಿ ತೆಗೆದುಕೊಂಡು ಒಂದೊಂದೇ ಹೂವಿಗೆ ಮುಟ್ಟಿಸುತ್ತ ಹೋದ. ಪಕ್ಕದ ಮನೆಯಲ್ಲಿ ಬೀದಿಯೇ ಸೇರಿತ್ತು. ಒಗ್ಗರಣೆಯ ಸದ್ದು, ಯತೀಶನನ್ನು ಗೋಳಾಡಿಸುವ ಗೆಳೆಯರ ಕೂಗು. ಕೊನೆಯ ಹೂವಿಗೆ ಮುಟ್ಟಿಸಿ ಮುಗಿಸಿದಾಗ ಅವನಿಗೆ ಯಾರಿಗಾದರೂ ಹೇಳಬೇಕೆನಿಸಿತು. ಫೋನು ತೆಗೆದ. ಗುಂಪಿನಲ್ಲಿ ಇದನ್ನು ನಿಜವಾಗಿ ಅರ್ಥ ಮಾಡಿಕೊಳ್ಳುವ ನಂಬರು ಒಂದೇ ಇತ್ತು. ಫೋನನ್ನು ಮತ್ತೆ ಕೆಳಗಿಟ್ಟ.

"ಪುಟ್ಟರಾಜೂ!" ಗೋಡೆಯ ಮೇಲಿಂದ ಸಣ್ಣತಾಯಮ್ಮನ ತಲೆ ಕಾಣಿಸಿತು. ಒಂದು ತಟ್ಟೆಯ ತುಂಬ ಕೇಸರಿಬಾತು ಇಳಿಬಿಟ್ಟಳು. "ತಿನ್ನು. ಇಸ್ಯ ಒಂದದೆ ಕಣ್ಲಾ. ವೀಣ ಪೋನ್ ಮಾಡಿದ್ಲು. ಮದ್ವೆ ಆದ್ ಮೇಲೆ ಆ ಗಿಡಾನೂ ತತ್ತೀನಿ ಅಂದ್ಲು. ಯತೀಸ ಆ ನಾತ ನಂಗಾಗಕ್ಕಿಲ್ಲ ಅಂತ ಬಡ್ಕೊಂಡ. ಅದ್ಕೆ ಅವ್ಳೇ ಒಂದ್ ಉಪಾಯ ಯೋಳಿದ್ಲು. ಪುಟ್ಟರಾಜು ಅವ್ರ ಮನೇಲಿ ಮಡಗೋಣ, ಅವ್ರಿಗೆ ಗಿಡ ಅಂದ್ರೆ ಪ್ರಾಣ, ಚೆನ್ನಾಗಿ ನೋಡ್ಕತಾರೆ ಅಂತ. ಆಗ್ಬೋದಲ್ವಾ?"

"ಆಗ್ಬೋದು" ಎಂದ ಪುಟ್ಟರಾಜು.

"ನೋಡ್ದಾ, ಕೊನೆಗೂ ನಿಂದೂ ಒಂದಾಯ್ತು ಬುಡು!" ಎಂದು ತಲೆ ಗೋಡೆಯಾಚೆ ಇಳಿಯಿತು.

ಪುಟ್ಟರಾಜು ಕೇಸರಿಬಾತು ತಿಂದು ತಟ್ಟೆ ತೊಳೆದ. ಗಂಡು ಗಿಡದ ಕುಂಡಕ್ಕೆ ಎಷ್ಟು ಜಾಗ ಬೇಕಾಗಬಹುದೆಂದು ಗೇಣಿನಲ್ಲಿ ಅಳೆದು ನೋಡಿದ. ಚರಂಡಿಗೂ ಗೋಡೆಗೂ ನಡುವೆ ಎರಡು ಕುಂಡ ಒಟ್ಟಿಗೆ ನಿಲ್ಲುತ್ತಿದ್ದವು. ಕುರ್ಚಿ ಇದ್ದರೆ ನಿಲ್ಲುತ್ತಿರಲಿಲ್ಲ. ಅವನು ಕುರ್ಚಿಯನ್ನು ಎತ್ತಿ ಒಳಗಿಟ್ಟ.